ಗಿರಣಿಯ ಸೊಸೆ ಯಾರ ಕೈಕೆಳಗೆ?

ನನ್ನ ಗಂಡ ವಿರೂಪಾಕ್ಷಪ್ಪ ಹೇಡಿ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು, ಪುರಾವೆಯಿಲ್ಲದೆ ಮಾತಾಡುವುದಿಲ್ಲ. ಹೊನ್ನಾಳಿಯಲ್ಲಿ ಸ್ವಂತ ಅಕ್ಕಿ ಗಿರಣಿಯಿದ್ದರೂ, ಅಲ್ಲಿ ಲೆಕ್ಕ ಬರೆಯುವ ಷಣ್ಮುಖಪ್ಪನವರ ಎದುರು ಈ ಮಾಲೀಕರು ಗಟ್ಟಿಯಾಗಿ ಕೆಮ್ಮುವುದೂ ಇಲ್ಲ. (ಅವರು ಇವರ ಅಕ್ಕನ ಗಂಡ. ಪದವಿ, ಅರ್ಹತೆ, ಅಧಿಕಾರ ಎಲ್ಲವೂ ಅದೇ.)

ಎಂಬತ್ನಾಲ್ಕರಲ್ಲಿ ಗಿರಣಿಗೆ ಹೊಸ ಯಂತ್ರಗಳು ಬಂದವು. ಇಂಜಿನಿಯರಿಂಗ್ ಓದಿದ್ದ ನಮ್ಮ ಸೊಸೆ ಹಾಲಮ್ಮ ಅವುಗಳ ಉಸ್ತುವಾರಿ ವಹಿಸಿಕೊಂಡಳು. ಆದರೆ ಷಣ್ಮುಖಪ್ಪನವರ ಕೈಕೆಳಗೆ! ಬೆಲ್ಟು ಬದಲಿಸಲು ಅವರ ಅಪ್ಪಣೆ, ಯಂತ್ರ ನಿಲ್ಲಿಸಲು ಅವರ ಅಪ್ಪಣೆ. ಒಂದು ಮಧ್ಯಾಹ್ನ ಮೋಟಾರು ಸುಟ್ಟ ವಾಸನೆ ಹೊಡೆಯಿತು. ಸ್ವಿಚ್ಚಿನ ಕೋಣೆಯ ಬೀಗದ ಕೈ ಅವರ ಉಡದಾರದಲ್ಲಿತ್ತು. ಉಡದಾರವು ಅವರೊಂದಿಗೆ ನಿದ್ರೆಯಲ್ಲಿತ್ತು. ಎಬ್ಬಿಸುವಷ್ಟರಲ್ಲಿ ಮೋಟಾರು ಸ್ವರ್ಗಸ್ಥವಾಯಿತು.

ಅಂದು ಊಟಕ್ಕೆ ಕೂತಾಗ ಹಾಲಮ್ಮ ಹೇಳಿದಳು: “ಮಾವಾ, ಮಿಷನ್ ನಿಲ್ಲಿಸಾಕೆ ನಾನು ಲೆಕ್ಕದೋರ್ನ ಕೇಳಂಗಿರಬಾರ್ದು. ಇಲ್ಲಾಂದ್ರೆ ಹರಿಹರದಾಗೆ ಕೆಲಸ ಐತೆ, ದಸರಾ ಹಬ್ಬ ಮುಗಿಸ್ಕೊಂಡು ಹೋಗ್ತೀನಿ.”

“ಭಾವಾರು ಬೇಜಾರು ಮಾಡ್ಕೊಂತಾರೆ ಕಣವ್ವಾ,” ಎಂದು ಇವರು ಮಜ್ಜಿಗೆಗೆ ಹೇಳಿದರು.

“ಮೋಟಾರು ಸುಟ್ಟಾಗ ಬೇಜಾರಾಗ್ಲಿಲ್ವೇನ್ರೀ ಅವರಿಗೆ? ಅವಳು ನೇರ ನಿಮ್ಮ ಕೈಕೆಳಗಿರ್ಲಿ. ನಡುವೆ ನಾನಿರ್ತೀನಿ,” ಎಂದೆ.

“ನೇರ ಅಂದಮ್ಯಾಲೆ ನಡುವೆ ನೀನು ಹೆಂಗೆ ಬಂದೆ?”

“ನಿಮಗೆ ವಿಜ್ಞಾನ ತಿಳಿಯಲ್ಲ. ಬಿಡಿಸಿ ಹೇಳಾಕೆ ಒಬ್ರು ಬೇಕು.”

ಹಾಲಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಅತ್ತೆ, ಮಧ್ಯಾಹ್ನ ನೀವೂ ಮಲಗ್ತೀರಲ್ಲ?”

“ಅದು ವಿಶ್ರಾಂತಿ!”

(ಎರಡಕ್ಕೂ ವ್ಯತ್ಯಾಸವಿದೆ. ಗೊರಕೆ ಇಲ್ಲಿ ಅಪ್ರಸ್ತುತ.)

ನಮ್ಮ ಗಿರಣಿಯಲ್ಲಿ ಯಾರು ಯಾರಿಗಿಂತ ದೊಡ್ಡವರೆಂದು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಆಯುಧಪೂಜೆಯ ದಿನ ಮಾಲೀಕರು ಎಲೆ-ಅಡಿಕೆ ಹಂಚುತ್ತಾರೆ. ಮೊದಲು ಪಡೆದವರದೇ ಆ ವರ್ಷದ ದರ್ಬಾರು. ಮೊದಲನೆಯದು ಹಾಲಮ್ಮನಿಗೆ, ಎರಡನೆಯದು ನನಗೆ ಎಂದು ಇವರಿಗೆ ವಾರವಿಡೀ ಪಾಠ ಹೇಳಿದೆ. ಪೂಜೆಯ ದಿನ ರೇಷ್ಮೆ ಸೀರೆ ಉಟ್ಟು ಸೊಸೆಯ ಪಕ್ಕದಲ್ಲೇ ನಿಂತೆ.

ಮಂಗಳಾರತಿಯಾಯಿತು. ಷಣ್ಮುಖಪ್ಪನವರು ವಾಡಿಕೆಯಂತೆ ಆಗಲೇ ಕೈ ಚಾಚಿದ್ದರು. ಇವರು ತಟ್ಟೆ ಎತ್ತಿಕೊಂಡರು. ಚಾಚಿದ ಆ ಕೈಯನ್ನು ದಾಟಿ ಬಂದು, ಹಾಲಮ್ಮನಿಗೆ ಎಲೆ-ಅಡಿಕೆ ಕೊಟ್ಟರು.

“ಮಿಷನ್ ನಿಲ್ಲಿಸಾಕೆ ಇನ್ನು ಯಾರನ್ನೂ ಕೇಳಬ್ಯಾಡವ್ವಾ. ಆಮ್ಯಾಲೆ ನನಗೊಬ್ಬನಿಗೆ ಹೇಳಿದ್ರೆ ಸಾಕು.”

“ಏನಿದು ವಿರೂಪಾಕ್ಷಿ?” ಎಂದರು ಷಣ್ಮುಖಪ್ಪನವರು.

“ಎರಡನೇದು ನಿಮ್ದೇ ಭಾವಾ, ತಗಳ್ರಿ.”

ನಾನು ಕೈ ಚಾಚಿದೆ. ಇವರು ಹಮಾಲರ ಕಡೆ ತಿರುಗಿದರು. ಆಮೇಲೆ ಲಾರಿ ಡ್ರೈವರ್, ಕಸ ಗುಡಿಸುವ ಉಡಚಮ್ಮ. ನನ್ನ ಕೈ ಹಾಗೆಯೇ ಇತ್ತು. ಹಿಂತೆಗೆಯುವುದು ನನ್ನ ಜಾಯಮಾನವಲ್ಲ.

ಕೊನೆಗೆ ನನ್ನ ಮುಂದೆ ಬಂದು ನಿಂತರು. ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು.

“ಇದು ಮಿಲ್ಲು. ನಿನಗೆ ಮನೇಲಿ ಕೊಡ್ತೀನಿ,” ಎಂದು ನನ್ನ ಕೈಗೆ ಖಾಲಿ ತಟ್ಟೆಯಿಟ್ಟು, ಸೊಸೆಯ ಹಿಂದೆ ಯಂತ್ರ ನೋಡಲು ಹೋದರು.