ಮಾವನ ಕರೆಂಟ್ ಸೀಟು

ನಮ್ಮ ಸೋದರಮಾವ ಜೀವನದಲ್ಲಿ ಒಂದೇ ಒಂದು ದಿನ ಊರಿಗೆಲ್ಲ ತಲೆಬಾಗಿದ್ದಾರೆ. ಅದೂ ವಿನಯದಿಂದಲ್ಲ, ಫ್ಯೂಸ್ ಸುಟ್ಟಿದ್ದರಿಂದ!

ಎಂಬತ್ತರ ದಶಕದ ಕೊನೆಯ ಮಾತು. ಆಳಂದದಲ್ಲಿ ಮಾವನದು ಸ್ವಂತ ಲಾರಿ. ಯಾರೇ ಎದುರಾದರೂ ಕತ್ತು ನೆಟ್ಟಗಿಟ್ಟು ಹೋಗುವುದು ಅವರ ಸ್ವಭಾವ. ಅವರು ಹೆದರುತ್ತಿದ್ದುದು ಅತ್ತೆಗೆ ಮಾತ್ರ. ಅತ್ತೆಯೋ ಬಲು ಗಿಡ್ಡ. ಬಸ್ಸಿನ ವಾಸನೆಗೇ ವಾಂತಿ. ಹಾಗಾಗಿ ತವರೂರು ಜೇವರ್ಗಿಗೆ ಲಾರಿಯೇ ಗತಿ. ಆ ಸಲ ಅದಕ್ಕೂ ಒಲ್ಲೆ ಎಂದರು.

“ನಿಮ್ಮ ಗಾಡ್ಯಾಗ ಕುಂತ್ರ ಮುಂದಿನ ತಗಡು ಬಿಟ್ಟು ಏನೂ ಕಾಣಂಗಿಲ್ಲ. ಲಗ್ನಾದಾಗಿಂದ ಭೀಮಾ ದಾಟಾಕತ್ತೇನಿ, ಒಂದ್ಸಲನೂ ಹೊಳಿ ನೋಡಿಲ್ಲ. ನಾ ಬರಂಗಿಲ್ಲ.”

“ದಿಂಬು ಹಾಕ್ಕೊಂಡು ಕುಂದರು.”

“ದಿಂಬಿನ ಮ್ಯಾಲ ಕುಂದ್ರಸಾಕ ನಾ ಏನ್ ತೊಟ್ಟಿಲ ಕೂಸೇನ್ರಿ?”

ತವರಿನ ಪಯಣ ನಿಂತಿತು. ಮಾವ ಸೊಲ್ಲಾಪುರದ ಗುಜರಿಯಿಂದ ವಿಲಾಯತಿ ಕಾರಿನ ಸೀಟೊಂದನ್ನು ಹೊತ್ತು ತಂದರು. ಗುಂಡಿ ಒತ್ತಿದರೆ ಅಡಿಯ ಸಣ್ಣ ಮೋಟಾರು ತಿರುಪನ್ನು ತಿರುಗಿಸಿ ಸೀಟನ್ನು ಗೇಣು ಮೇಲೆತ್ತುತ್ತದೆ. ಗುಂಡಿಯನ್ನು ಆಚೆಗೆ ಒತ್ತಿದರೆ ಕರೆಂಟು ಉಲ್ಟಾ ಹರಿದು, ಮೋಟಾರೂ ಉಲ್ಟಾ ತಿರುಗಿ, ಸೀಟು ಇಳಿಯುತ್ತದೆ. ಇಂಥ ಸಿಂಹಾಸನವನ್ನು ಮಾವ ಎಲ್ಲಿ ಕೂರಿಸಿದರು? ತಮ್ಮ ಬುಡಕ್ಕೇ!

“ರಾಜರಿಗೆ ಗಾದಿ ಬಂತು ಬಿಡ್ರಿ,” ಎಂದರು ಅತ್ತೆ.

ವೈರಿಂಗ್ ಮಿಸ್ತ್ರಿ ತಲೆ ಕೆರೆದ. “ಅಣ್ಣಾ, ಮೋಟಾರ್ ಬಾರಾ ವೋಲ್ಟಿಂದದ. ನಿಮ್ಮ ಲಾರಿದು ಚೌಬೀಸ್, ಅಂದ್ರ ಡಬಲ್.”

“ಡಬಲ್ ಕೊಟ್ರ ಡಬಲ್ ಕೆಲಸ ಮಾಡ್ತದ. ನೀ ಹಚ್ಚು.”

ಹೊಲದ ಗೊಬ್ಬರಕ್ಕೂ ಜ್ವರದ ಗುಳಿಗೆಗೂ ಮಾವನದು ಇದೇ ಸಿದ್ಧಾಂತ. ಗುಂಡಿ ಒತ್ತಿದರು. ಸೀಟು ಕುದುರೆಯಂತೆ ನೆಗೆದು, ರುಮಾಲು ಚಾವಣಿಯ ತಗಡಿಗೆ ಬಡಿದು, ಫ್ಯೂಸ್ ಸುಟ್ಟಿತು. ಸೀಟು ಇಳಿಯಲೊಲ್ಲದು. ಹೇರಿದ ತೊಗರಿ ಸಂಜೆಯೊಳಗೆ ಅಫಜಲಪುರ ಮುಟ್ಟಬೇಕು. ಮಾವ ಕತ್ತು ಬಗ್ಗಿಸಿಕೊಂಡೇ ಹೊರಟರು.

ದಾರಿಯುದ್ದಕ್ಕೂ ಜನ ಬೆರಗಾದರು. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ದಾಯಾದಿಯೇ ಕೈಮುಗಿದ. “ಎಲ್ಲಾರ್ಗೂ ಬಗ್ಗಾಕತ್ತಾನ. ಎಲೆಕ್ಷನ್ ನಿಂತಾನೇನ್ರಿ?” ಎಂದು ಚಹಾದಂಗಡಿ ಕೇಳಿತು.

ಮರುದಿನ ಮಿಸ್ತ್ರಿ ಫ್ಯೂಸ್ ಬದಲಿಸಿ, ಲಾರಿಯ ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳಲ್ಲಿ ಒಂದರಿಂದಷ್ಟೇ ವೈರು ಎಳೆದ. ಸೀಟು ಸಾಧುವಾಗಿ ಇಳಿಯಿತು, ಮಾವನ ಕತ್ತು ಮತ್ತೆ ನೆಟ್ಟಗಾಯಿತು. ಚಹಾದಂಗಡಿಯ ತೀರ್ಪೂ ಬಂತು: “ಗೆದ್ದನಂತ ಕಾಣ್ತದ.”

ಅಷ್ಟರಲ್ಲಿ ಮಾವ ಸೀಟು ಬಿಚ್ಚಿಸಿ ಎಡಗಡೆ ಕೂರಿಸಲು ಹೇಳಿದರು.

“ಯಾಕ್ರೀ ಅಣ್ಣಾ, ಈಗ ಬೇಷ್ ನಡ್ಯಾಕತ್ತದಲ್ಲ?”

“ಸುಟ್ರ ನನ್ನ ಧೋತರ ಸುಡ್ಲಿ ಅಂತ ಮೊದಲ ನಾ ಕುಂತು ನೋಡ್ದೆ. ಇನ್ನ ಆಕಿ ಕುಂದ್ರಬಹುದು.”

ಬಾಗಿಲಲ್ಲಿದ್ದ ಅತ್ತೆ ಇದನ್ನು ಕೇಳಿದ್ದೇ ಸೀರೆ ಬದಲಿಸಲು ಒಳಗೆ ಹೋದರು.

ಜೇವರ್ಗಿ ದಾರಿಯಲ್ಲಿ ಇಬ್ಬರ ನಡುವೆ ನಾನಿದ್ದೆ. ಭೀಮಾ ಸೇತುವೆಯ ಮೇಲೆ ಮಾವ ವೇಗ ತಗ್ಗಿಸಿ, ನನ್ನನ್ನು ದಾಟಿ ಕೈ ಚಾಚಿ ಗುಂಡಿ ಒತ್ತಿದರು. ಅತ್ತೆ ಮೆಲ್ಲಗೆ ಮೇಲೇರಿದರು. ತಗಡಿನಾಚೆ ನೀರು ಕಂಡಿತು.

“ಹೊಳಿ ಇಷ್ಟು ಅಗಲ ಅದೇನ್ರಿ?”

ಸೇತುವೆ ಮುಗಿಯಿತು. “ಇಳಸ್ಲೇನು?” ಎಂದರು ಮಾವ.

“ಬ್ಯಾಡ್ರಿ. ನಮ್ಮ ಮನಿ ತನಕ ಹಿಂಗೇ ಇರ್ಲಿ.”