ದೇವೀರಮ್ಮನ ಸಾರು ಬೆಟ್ಟವೇರಿದ ಮಹಾಸಮರ

ಕಲಿಯುಗದ ಆ ಡೀಸೆಲ್‌ಧೂಮಾವೃತ ಪಾದದಲ್ಲಿ, ರಸ್ತೆಗಿಂತ ಗುಂಡಿಗಳೇ ಹಿರಿಯರಾಗಿ, ಗುಂಡಿಗಳ ನಡುವೆ ಅಲ್ಲಲ್ಲಿ ರಸ್ತೆಯು ಸಂಕೋಚದಿಂದ ಮುಖ ತೋರಿಸುತ್ತಿದ್ದ ಕಾಲದಲ್ಲಿ, ಕೆಂಬಾಳುಪೇಟೆಯೆಂಬ ಪುರದ ಬೈಪಾಸ್ ರಸ್ತೆಯ ಗ್ಯಾರೇಜೊಂದರಲ್ಲಿ ನಡೆದ ಘನಘೋರ ಕದನವನ್ನು ಹೇಳಹೊರಟಿದ್ದೇನೆ. ಎಲೈ ವಾಗ್ದೇವಿಯೇ, ಕ್ಷಣಕಾಲ ವೀಣೆಯನ್ನು ಬದಿಗಿಟ್ಟು ಸ್ಪ್ಯಾನರನ್ನು ಕೈಗೆತ್ತಿಕೋ. ನಿನ್ನ ಶುಭ್ರವಸ್ತ್ರಕ್ಕೆ ಗ್ರೀಸು ತಾಗೀತೆಂದು ಹಿಂಜರಿಯಬೇಡ. ಈ ಕಥೆಯಲ್ಲಿ ಗ್ರೀಸು ತಾಗದೆ ಪಾರಾದವರು ಒಬ್ಬರೂ ಇಲ್ಲ.

ಆ ಪುರದಲ್ಲಿ ದೇವೀರಮ್ಮನೆಂಬಾಕೆ ಮದುವೆ ಅಡುಗೆಯ ಕಂಟ್ರಾಕ್ಟು ಹಿಡಿದು ಸಾಮ್ರಾಜ್ಯವಾಳುತ್ತಿದ್ದಳು. ಒಗ್ಗರಣೆಯ ಚಟಪಟಘೋಷದಿಂದಲೇ ಅಕ್ಕಪಕ್ಕದ ಬೀದಿಗಳ ಹಸಿವನ್ನೆಬ್ಬಿಸಬಲ್ಲ ಆ ಸೌಟುದಂಡಧಾರಿಣಿಗೆ ಇಬ್ಬರು ಮಹಾರಥರ ಬೆಂಬಲವಿತ್ತು. ಒಬ್ಬನು ಆಕೆಯ ಅಳಿಯ ಚೆಲುವರಾಜು, ಅಡುಗೆ ಸಾಗಿಸುವ ಪಿಕಪ್ ಗಾಡಿಯ ಒಡೆಯನೂ ಸಾರಥಿಯೂ ಆದವನು. ಇನ್ನೊಬ್ಬನು ಆಕೆಯ ತಮ್ಮ ಜವರಪ್ಪ, ಆ ಗ್ಯಾರೇಜಿನ ಅಧಿಪತಿ, ಮುರಿದ ಆಕ್ಸಲ್ಲುಗಳಿಗೆ ಮರುಜನ್ಮ ಕೊಟ್ಟ ಮಹಾಭಿಷಕ್ಕು. ಚೆಲುವರಾಜು ಅವನನ್ನು ಮಾವ ಎನ್ನುತ್ತಿದ್ದ. ಜವರಪ್ಪ ಇವನನ್ನು ಸಮಾಧಾನದಲ್ಲಿದ್ದಾಗ ಅಳಿಯ ಎಂದೂ ಇಲ್ಲದಾಗ ಇನ್ನೇನೇನೋ ಎಂದೂ ಕರೆಯುತ್ತಿದ್ದ.

ಸಕಲ ಅನರ್ಥಕ್ಕೂ ಮೂಲವಾದದ್ದು ಒಂದು ಸಿಗ್ನಲ್ಲು. ಒಂದು ದಿನ ಕೆಂಪುದೀಪದ ಎದುರು ಚೆಲುವರಾಜು ನಿಂತಿರಲು, ಅವನ ಪಕ್ಕಕ್ಕೆ ಗೋಪುರದಂತೆ ಎತ್ತರಿಸಿದ ಜೀಪೊಂದು ಬಂದು ನಿಂತಿತು. ಅದರ ಮೇಲಣ ತರುಣನು ಕಪ್ಪು ಕನ್ನಡಕ ಸರಿಸಿ ಕೆಳಗೆ ನೋಡಿ, "ಅಣ್ಣ, ನೆತ್ತಿ ಬೋಳಾಗ್ತಾ ಬಂತು, ಎಣ್ಣೆ ಹಾಕಣ್ಣ" ಎಂದು ಕಾಳಜಿಯಿಂದಲೇ ಹೇಳಿ ಹೊರಟುಹೋದನು. ಚೆಲುವರಾಜನಿಗೆ ಎಣ್ಣೆಯ ಮಾತು ತಾಗಲಿಲ್ಲ. ತನ್ನ ನೆತ್ತಿಯನ್ನು ಪರರು ಮೇಲಿನಿಂದ ಕಾಣಬಹುದೆಂಬ ವಿಚಾರವು ಎದೆಗೆ ನಾಟಿತು. ವಾರ ಕಳೆಯುವುದರೊಳಗೆ ಅವನು ಹೆದ್ದಾರಿಯ ಬದಿಯ ಯಾವುದೋ ಅಂಗಡಿಗೆ ಹೋಗಿ, ಮುಂದಿನ ಸ್ಪ್ರಿಂಗುಗಳ ಕೆಳಗೆ ದಪ್ಪ ಬಿಲ್ಲೆ ಕೂರಿಸಿ, ಹಿಂದಿನ ಚಕ್ರಗಳ ಮೇಲೆ ಗಾಡಿಯ ಭಾರ ಹೊರುವ ಕಮಾನಿನ ಕಟ್ಟುಗಳಿಗೆ ಲಾರಿಯ ಉಕ್ಕಿನ ಪಟ್ಟಿಗಳನ್ನು ಹೆಚ್ಚಾಗಿ ಹೆಣೆಸಿ, ಗಾಡಿಯನ್ನು ಒಂದು ಗೇಣು ಮೇಲೆತ್ತಿಸಿಕೊಂಡು ಬಂದನು. ಆದರೆ ಕುಲುಕನ್ನು ತಡೆಯುವ ಶಾಕ್ ಅಬ್ಸಾರ್ಬರುಗಳು? ಅವು ಹಳೆಯವೇ, ಗಿಡ್ಡವೇ. ಬೆಳೆದ ಹುಡುಗನಿಗೆ ಹೋದ ವರ್ಷದ ಚಡ್ಡಿ ತೊಡಿಸಿದಂತಿತ್ತು.

ಮೊದಲ ಪ್ರಳಯವು ಒಂದು ನಿಶ್ಚಿತಾರ್ಥದಂದು ಸಂಭವಿಸಿತು. ಹೊರಡುವಾಗ ಗಾಡಿಯಲ್ಲಿ ಹುಳಿಯ ಡಬರಿಯೂ ಶ್ಯಾವಿಗೆ ಪಾಯಸದ ಡಬರಿಯೂ ಅಕ್ಕಪಕ್ಕ ಕುಳಿತಿದ್ದವು. ದಾರಿಯಲ್ಲಿ ಒಂದೊಂದು ಗುಂಡಿಗೂ ಗಾಡಿಯ ಹಿಂಭಾಗವು ಹುಚ್ಚುಕುದುರೆಯಂತೆ ನೆಗೆದು, ಅಡಿಯಿಂದ 'ಠಣಾರ್' ಎಂಬ ಶಬ್ದವೆದ್ದು, ಮುಚ್ಚಳಗಳು ಗಗನಕ್ಕೆ ಹಾರಿದವು. ತಲುಪುವ ಹೊತ್ತಿಗೆ ಪಾಯಸದಲ್ಲಿ ನುಗ್ಗೆಕಾಯಿ ತೇಲುತ್ತಿತ್ತು; ಹುಳಿಯಲ್ಲಿ ದ್ರಾಕ್ಷಿ ಮುಳುಗಿತ್ತು. ಗಂಡಿನ ತಾತ ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಯೋಚಿಸಿ, "ಇದು ಯಾವ ಕಡೆ ಅಡುಗೆ ಕಣವ್ವ?" ಎಂದು ಕೇಳಿದರು. ದೇವೀರಮ್ಮ ಮುಖ ಮುಚ್ಚಿಕೊಂಡು ಉಗ್ರಾಣಕ್ಕೆ ನಡೆದಳು. ಅಳುವುದನ್ನು ಯಾರಿಗೂ ತೋರಿಸದ ಹೆಂಗಸು ಆಕೆ. ಆವತ್ತು ಉಗ್ರಾಣದಿಂದ ಹೊರಬಂದಾಗ ಕಣ್ಣು ಕೆಂಪಗಿತ್ತು.

ಮಾರನೆಯ ಬೆಳಿಗ್ಗೆ ಆಕೆ ಗ್ಯಾರೇಜಿಗೇ ಬಂದು ನಿಂತಳು.

"ಭಾನುವಾರ ಗವಿರಂಗನ ಬೆಟ್ಟದ ಮೇಲೆ ಮದುವೆ. ಅಲ್ಲಿ ಒಲೆ ಹೂಡಕ್ಕೆ ಜಾಗ ಇಲ್ಲ, ಸಾರು ಇಲ್ಲಿಂದ್ಲೇ ಹೋಗ್ಬೇಕು. ಒಂದು ತೊಟ್ಟು ಚೆಲ್ಲಿದ್ರೂ ಮುಂದಿನ ಮದುವೆಯಿಂದ ಟೆಂಪೋ ಶಿವಲಿಂಗನ್ನ ಕರೀತೀನಿ. ಅಳಿಯ ಅಂತಾನೂ ನೋಡಲ್ಲ, ತಮ್ಮ ಅಂತಾನೂ ನೋಡಲ್ಲ."

ಟೆಂಪೋ ಶಿವಲಿಂಗನ ಹೆಸರು ಕಿವಿಗೆ ಬಿದ್ದೊಡನೆ ಇಬ್ಬರು ವೀರರ ಮೀಸೆಯೂ ಏಕಕಾಲದಲ್ಲಿ ನಿಮಿರಿತು. ಚೆಲುವರಾಜು ಟೈರಿನ ರಾಶಿಯನ್ನೇರಿ ನಿಂತು, ಜಾಕಿನ ಸಲಾಕೆಯನ್ನು ಗದೆಯಂತೆ ಭುಜಕ್ಕೇರಿಸಿ ಗರ್ಜಿಸಿದನು:

"ಕೇಳು, ಹೇ ತೈಲಲಿಪ್ತಬಾಹುವೇ! ಹೇ ಬೋಲ್ಟುನಟ್ಟುಕುಲತಿಲಕನೇ! ಈ ಗಾಡಿಯ ರೋಗವಿರುವುದು ಕಮಾನಿನಲ್ಲಿ! ಪಟ್ಟಿಗಳು ಇನ್ನೂ ಪಳಗಿಲ್ಲ! ಬೇಕಾದಷ್ಟನ್ನು ಕಳಚಿ, ಬೇಕಾದಷ್ಟನ್ನು ಉಳಿಸಿ, ಸೂರ್ಯನು ಪಡುವಣಕ್ಕಿಳಿಯುವ ಮುನ್ನ ಈ ರಥವನ್ನು ಹಂಸತೂಲಿಕಾತಲ್ಪವಾಗಿಸದಿದ್ದರೆ ನಾನು ಸ್ಟೀರಿಂಗು ಹಿಡಿದ ಕೈಯಲ್ಲಿ ಸೌಟು ಹಿಡಿಯುವೆನು!"

ಜವರಪ್ಪನು ಬೀಡಿಯನ್ನು ಚಕ್ರದ ಡ್ರಮ್ಮಿಗೆ ಒರಸಿ ನಂದಿಸಿ, ಎದೆ ಸೆಟೆದು ಮರುನುಡಿದನು:

"ಎಲವೋ ಗೇಣುದ್ದ ಗರ್ವದ ಜಾಮಾತೃವೇ! ನಾನು ಲಾರಿಗಳ ಬಸಿರಿನಡಿಯಲ್ಲಿ ಮಲಗಿ ಯೌವನ ಕಳೆದವನು! ಮೇಘಗರ್ಜನೆಯಂತಿರುವ ಆ ಠಣಾರ್ ಶಬ್ದವು ಕಮಾನಿನದಲ್ಲ, ಶಾಕಿನದು! ಮಹಾಕಾಯ ಲಾರಿಯ ವಜ್ರಕಠಿಣ ಶಾಕನ್ನು ಕಟ್ಟಿ ಇದರ ನೆಗೆತವನ್ನು ಪಾತಾಳಕ್ಕೆ ತುಳಿಯುವೆನು! ಸರಿ, ಕೆಳಗಿಳಿ. ಆ ಟೈರು ಗಿರಾಕಿದು."

ಹೀಗೆ ಯುದ್ಧವು ಆರಂಭವಾಯಿತು. ಜವರಪ್ಪನ ಆಯುಧಾಗಾರದಲ್ಲಿದ್ದದ್ದು ಒಂದೇ ಒಂದು ಲಾರಿಯ ಶಾಕು. ಜೋಡಿಯದು ನಾಳೆ ಬರುತ್ತದೆಂದು ಹೇಳಿ ಅವನು ಅದನ್ನು ಹಿಂದಿನ ಎಡಚಕ್ರಕ್ಕೆ ಬಿಗಿದನು. ಬಿಗಿದು ಚಹಾಕ್ಕೆ ಹೋದನು. ಅವನ ಬೆನ್ನು ಮರೆಯಾದದ್ದೇ ತಡ, ಅತ್ತೆಯ ತಮ್ಮನಿಗೆ ಗೆಲುವು ಸಲ್ಲಬಾರದೆಂಬ ಛಲದಿಂದ ಚೆಲುವರಾಜು ಬಲಗಡೆಯ ಕಮಾನಿನಿಂದ ಲಾರಿ ಪಟ್ಟಿಯೊಂದನ್ನು ಕಿತ್ತು ಗೋಣಿಚೀಲದ ಕೆಳಗೆ ಅಡಗಿಸಿದನು. ಈಗ ಗಾಡಿಯು ಬಲಕ್ಕೆ ವಾಲಿ, ಎಡಕ್ಕೆ ಬಿಗಿದು, ಬಾಯಿಯ ಒಂದು ಬದಿಯಲ್ಲಿ ಎಲೆಅಡಿಕೆ ತುಂಬಿಕೊಂಡು ನಿಂತ ಗೌಡರಂತೆ ಕಂಡಿತು. ಬಲಗಡೆ ತೊಟ್ಟಿಲು, ಎಡಗಡೆ ಒನಕೆ.

ಚಹಾದಿಂದ ಮರಳಿದ ಜವರಪ್ಪ ಅದನ್ನು ಕಂಡು ಸ್ತಂಭೀಭೂತನಾದನು.

"ಯಾವನ್ಲಾ ಬಲಗಡೆ ಮುಟ್ಟಿದ್ದು?"

"ನೀನು ಎಡಗಡೆ ಮುಟ್ಟಿದ್ದಕ್ಕೆ ಹಂಗಾಗೈತೆ ಮಾವ."

"ಶಾಕ್ ಹಾಕಿದ್ರೆ ಗಾಡಿ ವಾಲುತ್ತೇನ್ಲಾ?"

"ಓಡಿಸಿ ನೋಡಾಣ ಬಾ. ಯಾವ ಕಡೆ ರೋಗ ಅಂತ ಗೊತ್ತಾಯ್ತದೆ."

ಪರೀಕ್ಷೆಯ ನಿಯಮಗಳು ಅಲ್ಲೇ ತೀರ್ಮಾನವಾದವು. ದೇವೀರಮ್ಮನ ಅತಿದೊಡ್ಡ ಡಬರಿಯಲ್ಲಿ ಕಂಠಮಟ್ಟ ನೀರು ತುಂಬಿ ಹಿಂದೆ ಇಡತಕ್ಕದ್ದು. ಒಬ್ಬನು ಓಡಿಸತಕ್ಕದ್ದು, ಇನ್ನೊಬ್ಬನು ಡಬರಿಯನ್ನು ತಬ್ಬಿಕೊಂಡು ಕುಳಿತು ರೋಗ ಎಲ್ಲಿದೆಯೆಂದು ಗಮನಿಸತಕ್ಕದ್ದು. ಡಬರಿ ತಬ್ಬುವ ಮೊದಲ ಸರದಿ ಜವರಪ್ಪನದು. ಕೆರೆ ಏರಿಯ ದಾರಿಯಲ್ಲಿ ಗಾಡಿ ಹೊರಟಿತು. ಮೊದಲ ಗುಂಡಿಗೆ ಎಡಗಡೆಯ ವಜ್ರಕಠಿಣ ಶಾಕು ಬಗ್ಗಲೊಲ್ಲದೆ ಗಾಡಿಯ ಮೂಲೆಯನ್ನೇ ಎತ್ತಿ ಒಗೆಯಿತು. ಜವರಪ್ಪನು ಕುಳಿತ ಭಂಗಿಯಲ್ಲಿಯೇ, ಪಂಚೆಯನ್ನು ಧ್ವಜದಂತೆ ಹಾರಿಸುತ್ತಾ, ವ್ಯೋಮಮಾರ್ಗದಲ್ಲಿ ಸಂಚರಿಸಿ, ಡಬರಿಯ ನೀರಿನೊಳಗೇ ಮರಳಿ ಆಸೀನನಾದನು. ಏರಿಯ ಬದಿಯ ನೀರಿನಲ್ಲಿ ಎಮ್ಮೆ ತೊಳೆಯುತ್ತಿದ್ದವರು ಕೈ ಮುಗಿದರು, ಯಾವುದೋ ಉತ್ಸವವಿರಬೇಕೆಂದು.

"ನಿಲ್ಸೋ! ನಿಲ್ಸೋ, ನಿನ್ ಗಾಡಿ ಮನೆ ಹಾಳಾಗ!"

ನಿಂತಿತು. ಈಗ ಜವರಪ್ಪ ಸ್ಟೀರಿಂಗು ಹಿಡಿದನು, ಚೆಲುವರಾಜು ಉಳಿದ ನೀರಿನೊಡನೆ ಬಲಮೂಲೆ ಹಿಡಿದು ಕುಳಿತನು. ಮಾವನು ಆರಿಸಿ ಆರಿಸಿ ಬಲಚಕ್ರವನ್ನೇ ಗುಂಡಿಗಿಳಿಸಿದನು. ಚಕ್ರವು ಇಳಿಯಿತು, ಗಿಡ್ಡ ಶಾಕು ತನ್ನ ಉದ್ದವೆಲ್ಲ ಮುಗಿದು 'ಠಣಾರ್' ಎಂದು ಜಗ್ಗಿ ಹಿಡಿಯಿತು, ಹಿಡಿದದ್ದನ್ನು ಮರುಕ್ಷಣ ಬಿಟ್ಟಿತು. ಗಾಡಿ ಒಮ್ಮೆ ನೆಗೆದು, ಮತ್ತೊಮ್ಮೆ ನೆಗೆದು, ಯಾರೂ ಕೇಳದಿದ್ದರೂ ಮಗದೊಮ್ಮೆ ನೆಗೆಯಿತು. ಚೆಲುವರಾಜನ ಹಲ್ಲುಗಳು ಒಂದಕ್ಕೊಂದು ಪರಿಚಯ ಹೇಳಿಕೊಂಡವು. ಉಳಿದಿದ್ದ ನೀರೆಲ್ಲ ಅವನ ಆ ಪ್ರಸಿದ್ಧ ನೆತ್ತಿಯ ಮೇಲೆ ಅಭಿಷೇಕವಾಯಿತು.

ಇಬ್ಬರೂ ನೀರಿಳಿಸುತ್ತಾ ಏರಿಯ ಮೇಲೆ ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಯಾರೆಂಬುದರಲ್ಲಿ ಈಗಲೂ ಭಿನ್ನಾಭಿಪ್ರಾಯವಿದೆ. ನಗು ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು, ಬಾಗಿಲಿಗೆ ಒರಗಿಕೊಂಡು, ಕಡೆಗೆ ನೆಲದ ಮೇಲೆ ಕುಳಿತೇ ನಕ್ಕರು. ನಗು ಇಳಿದ ಮೇಲೆ ಇಬ್ಬರೂ ಗಾಡಿಯ ಅಡಿಗೆ ಅಂಗಾತ ನುಸುಳಿ ಪಕ್ಕಪಕ್ಕದಲ್ಲಿ ಮಲಗಿದರು.

"ನೋಡ್ ಮಾವ," ಎಂದ ಚೆಲುವರಾಜು, ಬಲಗಡೆಯ ಶಾಕನ್ನು ಬೆರಳಿಂದ ತಟ್ಟುತ್ತಾ. "ಗಾಡಿ ಸುಮ್ನೆ ನಿಂತಿರುವಾಗ್ಲೇ ಇದು ಪೂರ್ತಿ ಎಳ್ಕೊಂಡೈತೆ. ಇನ್ನು ಗುಂಡಿಗೆ ಚಕ್ರ ಇಳಿದ್ರೆ ಎಲ್ಲಿಗೆ ಹೋಗ್ಬೇಕು ಇದು? ನೀ ಹೇಳಿದ್ದೇ ಸರಿ. ಶಬ್ದ ಶಾಕಿಂದೇ."

ಜವರಪ್ಪ ಕತ್ತು ಹೊರಳಿಸಿದ. ಎಡಗಡೆಯ ತನ್ನ ವಜ್ರಕಠಿಣವನ್ನು ನೋಡಿದ.

"ಪಟ್ಟಿ ಜಾಸ್ತಿಯಾಗಿರೋದೂ ದಿಟ ಕಣೋ. ಇವು ಹತ್ತು ಮೂಟೆ ಸಿಮೆಂಟಿಗೆ ಬಗ್ಗೋ ಪಟ್ಟಿ. ಸಾರಿನ ಭಾರಕ್ಕೆ ಇವು ಅಲ್ಲಾಡಲ್ಲ. ಮೇಲೆ ನಾ ಬೇರೆ ಲಾರಿ ಶಾಕ್ ಕಟ್ಟಿದೆ. ಕಮಾನೊಂದು ಕಡೆ ಎಳೀತದೆ, ಶಾಕೊಂದು ಕಡೆ ಎಳೀತದೆ. ಎರಡೂ ಒಂದೇ ಅಳತೆಗೆ ಬರ್ಬೇಕು." ಆಮೇಲೆ, ಗಾಡಿಯ ಹೊಟ್ಟೆಗೇ ಹೇಳುವವನಂತೆ, "ಎತ್ತರ ಮಾಡಿಸ್ಬೇಕು ಅಂದ್ರೆ ನನ್ ಹತ್ರ ಯಾಕ್ ತರ್ಲಿಲ್ಲ ನೀನು? ಯಾರೋ ಹೆದ್ದಾರಿಯವನ ಹತ್ರ ಹೋದೆ" ಎಂದನು.

ಚೆಲುವರಾಜು ಬೆರಳಿನ ಗ್ರೀಸನ್ನು ಅಂಗಿಗೆ ಒರೆಸಿಕೊಂಡ. "ನೀ ಬ್ಯಾಡ ಅಂತೀಯ ಅಂತ."

"ಬ್ಯಾಡ ಅಂತಿದ್ದೆ. ಆಮೇಲೆ ಮಾಡಿಕೊಡ್ತಿದ್ದೆ."

ಈ ಮಾತಿನೊಂದಿಗೆ ವೈರವು ಮುಗಿಯಿತು, ಶ್ರಮವು ಆರಂಭವಾಯಿತು. ಗ್ಯಾರೇಜಿಗೆ ಮರಳಿದೊಡನೆ ಚೆಲುವರಾಜು ಗೋಣಿಚೀಲದ ಕೆಳಗಿನ ಪಟ್ಟಿಯನ್ನು ತಾನಾಗಿಯೇ ಹೊರತೆಗೆದು ಮಾವನ ಪಾದದ ಬಳಿಯಿಟ್ಟನು. ಮಾವನು ಅದಕ್ಕೆ ಬೈಯಬೇಕಾದಷ್ಟು ಬೈದು ಪಕ್ಕಕ್ಕೆಸೆದನು. ಬಳಿಕ ಲಾರಿ ಪಟ್ಟಿಗಳೆಲ್ಲ ಕಳಚಿ ಬಿದ್ದವು. ಎರಡೂ ಕಡೆಗೆ ಒಂದೊಂದು ತೆಳುಪಟ್ಟಿ ಮಾತ್ರ ಹೆಚ್ಚಾಗಿ ಸೇರಿತು. ಮುಂದಿನ ದಪ್ಪ ಬಿಲ್ಲೆಗಳು ಹೋಗಿ ತೆಳುಬಿಲ್ಲೆಗಳು ಬಂದವು. ವಜ್ರಕಠಿಣವು ಪದಚ್ಯುತವಾಯಿತು. ಗಾಡಿಯನ್ನು ನೆಲಕ್ಕಿಳಿಸಿ, ಶಾಕು ಹಿಡಿಯುವ ಎರಡು ಕೊಕ್ಕೆಗಳ ನಡುವಣ ಅಂತರವನ್ನು ದಾರ ಹಿಡಿದು ಅಳೆದು, ಮೇಲಕ್ಕೂ ಕೆಳಕ್ಕೂ ಸಮನಾಗಿ ಆಡಲು ಜಾಗವಿರುವಂಥ ಜೋಡಿ ಶಾಕುಗಳನ್ನು ತರಿಸಿ ಕಟ್ಟಿದರು. ಮಾವ ಹಿಂದಿನ ಅಂಚಿನ ಮೇಲೆ ಹತ್ತಿ ಕುಪ್ಪಳಿಸಿದನು. ಗಾಡಿಯು ಬಗ್ಗಿತು, ಎದ್ದಿತು, ನಿಂತಿತು. ಮತ್ತೆ ನೆಗೆಯಲಿಲ್ಲ. ಇಬ್ಬರೂ ಅದನ್ನೇ ನೋಡಿದರು, ಹೆರಿಗೆ ಮನೆಯ ಹೊರಗೆ ಮೊದಲ ಅಳು ಕೇಳಿದವರಂತೆ.

ಭಾನುವಾರ ಉದಯಿಸಿತು. ಕುದಿಯುತ್ತಿದ್ದ ಸಾರಿನ ಡಬರಿಗಳನ್ನು ಹೊತ್ತು, ಜವರಪ್ಪನನ್ನು ಹಿಂದೆ ಕಾವಲಿಗಿಟ್ಟು, ದೇವೀರಮ್ಮನನ್ನು ಮುಂದೆ ಕೂರಿಸಿಕೊಂಡು ಆ ಮಹಾರಥವು ಗವಿರಂಗನ ಬೆಟ್ಟದ ದಾರಿ ಹಿಡಿಯಿತು. ಎದುರಾದವು ಗುಂಡಿಗಳು, ಪಾತಾಳದ ಬಾಗಿಲುಗಳಂತೆ! ಎದುರಾದವು ಬಂಡೆಯ ಮೊನೆಗಳು, ರಕ್ಕಸರ ಹಲ್ಲುಗಳಂತೆ! ಚಕ್ರಗಳು ಇಳಿದವು, ಏರಿದವು, ಕಮಾನುಗಳು ಬಾಗಿದವು, ಶಾಕುಗಳು ಉಸಿರೆಳೆದು ಉಸಿರು ಬಿಟ್ಟವು, ಮೇಲಿನ ಗಾಡಿಯು ಮಾತ್ರ ಕೊಳದ ಮೇಲಣ ಹಂಸದಂತೆ ತೇಲಿತು. ದೇವೀರಮ್ಮ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಮುಚ್ಚಳದ ಸದ್ದಿಗಾಗಿ ಕಿವಿಗೊಟ್ಟು ಕುಳಿತಿದ್ದಳು. ಮುಚ್ಚಳ ಸದ್ದು ಮಾಡಲಿಲ್ಲ. ಕಡೆಯ ತಿರುವಿನಲ್ಲಿ ಆಕೆಯ ಮುಷ್ಟಿ ತಾನಾಗಿ ಸಡಿಲವಾದುದನ್ನು ಚೆಲುವರಾಜು ಓರೆಗಣ್ಣಿನಿಂದ ಕಂಡನು.

ಬೆಟ್ಟದ ಮೇಲೆ ಓಲಗವು ಮೊಳಗುತ್ತಿರಲು ಮುಚ್ಚಳಗಳು ತೆರೆದವು. ಕಂಠಮಟ್ಟ ತುಂಬಿದ ಸಾರು ಕಂಠಮಟ್ಟವೇ ಇತ್ತು. ಮೇಲೆ ತೇಲಿಸಿದ್ದ ಕೊತ್ತಂಬರಿ ಸೊಪ್ಪು ಕೂಡ ಇಟ್ಟಲ್ಲಿಂದ ಕದಲಿರಲಿಲ್ಲ. ಇಬ್ಬರು ವೀರರೂ ಗಾಡಿಯ ಎರಡು ಬದಿಗೆ ದ್ವಾರಪಾಲಕರಂತೆ, ಎದೆಯ ಮೇಲೆ ಕೈಕಟ್ಟಿ, ಪುಷ್ಪವೃಷ್ಟಿಗಾಗಿ ಕಾದು ನಿಂತರು.

ದೇವೀರಮ್ಮ ಡಬರಿಯೊಳಗೆ ಇಣುಕಿದಳು. ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ಚೆನ್ನಾಗ್ ಬಂತು. ಅಲ್ಲಾ, ಮುಂಚೆನೂ ಹಿಂಗೇ ಬರ್ತಿತ್ತಲ್ವಾ ಗಾಡಿ?"

"ಈಗ ಎತ್ತರ ಐತೆ ಅತ್ತೆ," ಎಂದನು ಚೆಲುವರಾಜು, ಧೀರೋದಾತ್ತ ಸ್ವರದಲ್ಲಿ.

"ಎಷ್ಟು?"

ಚೆಲುವರಾಜು ಮಾವನ ಕಡೆ ನೋಡಿದ. ಜವರಪ್ಪ ಆಕಾಶದ ಕಡೆ ನೋಡಿ, ಕೆಮ್ಮಿ, ತನ್ನ ಕಿರುಬೆರಳನ್ನು ಅಡ್ಡಲಾಗಿ ಹಿಡಿದು ತೋರಿಸಿದನು.

ದೇವೀರಮ್ಮ ಆ ಬೆರಳನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಚಪ್ಪರದೊಳಗಿಂದ ಯಾರೋ ಕೂಗಿದರು. ಪಂಕ್ತಿ ಕುಳಿತಾಗಿತ್ತು, ಎಲೆ ಹಾಸಿಯಾಗಿತ್ತು, ಬಡಿಸುವವರಲ್ಲಿ ಕೆಲವರು ಧಾರೆ ನೋಡಲು ಹೋಗಿದ್ದರು. ಆಕೆ ಒಂದು ಸ್ಟೀಲಿನ ತಟ್ಟೆಯನ್ನು ಅಳಿಯನ ಕೈಗಿತ್ತಳು.

"ಸುಮ್ನೆ ಯಾಕ್ ನಿಂತಿದ್ದೀರಿ ಇಬ್ರೂ? ಉಪ್ಪು ಬಡಿಸೋರಿಲ್ಲ, ನಡೀರಿ."

ಆಗ ಆ ಗುಂಡಿಗರ್ವಭಂಜಕನೂ ಉನ್ನತರಥಾರೂಢನೂ ಆದ ಚೆಲುವರಾಜನು ತಟ್ಟೆ ಹಿಡಿದು, ಅವನ ಹಿಂದೆ ಮಹಾಭಿಷಕ್ಕು ಜವರಪ್ಪನು ಚಮಚ ಹಿಡಿದು, ಸೊಂಟ ಬಗ್ಗಿಸಿ, "ಉಪ್ಪು, ಉಪ್ಪು" ಎನ್ನುತ್ತಾ ಪಂಕ್ತಿಯ ತುದಿಗೆ ಬಂದರು. ಮೊದಲ ಎಲೆಯ ಮುಂದೆ ಕುಳಿತಿದ್ದ ಹಿರಿಯರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ನಂಗ್ ಬ್ಯಾಡ ಕಣಪ್ಪ. ಬೀಪಿ."