ಮೇಲ್ಮನೆಯ ವಿಚಾರಣೆಯೂ ಇಲ್ಲದ ತಂಗಿಮಗಳೂ

ದಾರಿ

“ಅವ್ವಾ, ಅಕ್ಕಿ ಗಿರಣಿಗೆ ಹೋಗೋ ದಾರಿ ಯಾವುದು?”

ಕಾಲುವೆ ದಂಡೆಯ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನನ್ನೂ ನನ್ನ ಕಾರನ್ನೂ ಅಳೆದು ನೋಡಿದಳು. ಸಿಂಧನೂರು ಬಿಟ್ಟು ಅರ್ಧ ತಾಸಾಗಿತ್ತು. ಒಂದೇ ಥರದ ಮೂರು ಸೇತುವೆ ದಾಟಿದ್ದೆ. ಅಥವಾ ಒಂದೇ ಸೇತುವೆಯನ್ನು ಮೂರು ಸಲ ದಾಟಿದ್ದೆ.

“ಯಾರ ಗಿರಣಿ? ಇಲ್ಲಿ ಎಮ್ಮಿಗಿಂತ ಗಿರಣಿ ಜಾಸ್ತಿ ಅದಾವ್ರಿ.”

“ಅದು ಹೇಳೋಕೆ ಬರೋದಿಲ್ಲ.”

“ಯಾರ ಮನಿಗೆ ಅಂತ ಹೇಳಲಾರದವ್ರಿಗೆ ದಾರಿ ಹೆಂಗ ಹೇಳ್ಲಿ?”

ಇಂಥವು ನನಗೆ ಆಗುತ್ತಲೇ ಇರುತ್ತವೆ. ಭಾಷೆ ಬಾರದ ಇಸ್ತಾಂಬುಲ್ಲಿನಲ್ಲಿ, ಹನೋಯಿಯಲ್ಲಿ ಬರೀ ಕೈಸನ್ನೆಯಲ್ಲಿ ದಾರಿ ಕೇಳಿ ತಲುಪಿದವಳು, ಕನ್ನಡ ಆಡುವ ಊರಿಗೆ ಬಂದ ಕೂಡಲೇ ಸಿಕ್ಕಿಬೀಳುತ್ತೇನೆ.

ಕೆಲಸವೂ ಹಾಗಿತ್ತು. ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಮಾಡುವ ಪಟ್ಟಿಯಲ್ಲಿ ಈ ಕಡೆಯ ಮೂರು ಹೆಸರುಗಳಿದ್ದವು. ಸಾಹಿತ್ಯಕ್ಕೊಂದು, ಸಮಾಜ ಸೇವೆಗೊಂದು, ಕಲೆಗೊಂದು. ಮೂವರ ಮೇಲೂ ತಕರಾರು ಅರ್ಜಿ ಬಿದ್ದಿದ್ದವು. ಗುಟ್ಟಾಗಿ ವಿಚಾರಿಸಿ, ಖರೆಯೋ ಸುಳ್ಳೋ ಬರೆದು ಕಳಿಸಿ ಎಂದು ಬೆಂಗಳೂರಿನ ಒಂದು ಕಚೇರಿ ನನ್ನನ್ನು ಅಟ್ಟಿತ್ತು. ನನ್ನ ವರದಿಯಲ್ಲಿ ಯಾರಿಗೆ ಕೆಂಪು ಗೆರೆ ಬೀಳುತ್ತದೋ ಅವರ ಕುರ್ಚಿ ಅಲ್ಲಿಗೆ ಮುಗಿಯಿತು. ಗುಟ್ಟಾಗಿ ಎಂಬುದಕ್ಕೆ ಕಚೇರಿಯವರು ಎರಡು ಸಲ ಅಡಿಗೆರೆ ಹಾಕಿದ್ದರು.

ಹೆಂಗಸು ತಾನೇ ದಾರಿ ತೋರಿಸಿದಳು, ಬೇರೆ ಅರ್ಥದಲ್ಲಿ. “ಸಂಬಂಧ ನೋಡಾಕ ಬಂದೀರೇನು?”

“ಹೂಂ,” ಅಂದುಬಿಟ್ಟೆ. “ತಂಗಿಮಗಳಿಗೆ.”

ನನಗೆ ತಂಗಿಯಿಲ್ಲ. ಐವತ್ತೆಂಟಾಯಿತು, ಎಲ್ಲ ಊರಿಗೂ ಹೋಗಿ ಬಂದಿದ್ದೇನೆ, ನನ್ನದೇ ಮದುವೆಗೆ ಮಾತ್ರ ಹೋಗಿ ಬಂದಿಲ್ಲ. ಅವಳಿಗೆ ಅದೇನು ಗೊತ್ತು? “ಮೊದಲ ಹೇಳಬಾರದೇನ್ರಿ ಯಕ್ಕಾ!” ಅನ್ನುತ್ತ ಕ್ಯಾನು ಸಮೇತ ಕಾರಿನ ಮುಂದಿನ ಸೀಟಿಗೆ ಹತ್ತಿ ಕೂತಳು. ಊರಲ್ಲಿದ್ದ ಅಷ್ಟೂ ಗಿರಣಿ ಮಾಲಕರ ಮನೆಗಳನ್ನು ತೋರಿಸಿ, ಎಲ್ಲಿ ಗಂಡು ಹುಡುಗರಿದ್ದಾರೆ ಅಂತ ಹೇಳಿ, ಕೊನೆಗೆ ತನ್ನ ಮನೆಯ ಮುಂದೆಯೇ ಇಳಿದಳು. “ನಂದೂ ಒಬ್ಬಾಂವ ಅದಾನ, ನೆನಪಿರ್ಲಿ.”

ಸಾಹಿತ್ಯ

ಗಿರಣಿ ಸಾವಕಾರರು ಒಂಬತ್ತು ಪುಸ್ತಕ ಬರೆದಿದ್ದಾರೆಂದು ಪಟ್ಟಿಯಲ್ಲಿತ್ತು. ಒಂದನ್ನೂ ಯಾರೂ ನೋಡಿಲ್ಲವೆಂದು ಅರ್ಜಿಯಲ್ಲಿತ್ತು.

ಸಾವಕಾರರು ಊರಲ್ಲಿರಲಿಲ್ಲ. ಹೆಣ್ಣಿನ ಕಡೆಯವರು ಬಂದಿದ್ದಾರೆ ಎಂಬ ಸುದ್ದಿ ಹಾಲಿನ ಕ್ಯಾನಿಗಿಂತ ಮುಂಚೆ ತಲುಪಿದ್ದರಿಂದ ಮನೆಯವರು ಸುಸ್ಲಾ, ಮಿರ್ಚಿ ಇಟ್ಟರು. ನಾನು ತಿಂದೆ. ತಿಂದಾದ ಮೇಲೆ, “ಸಾವಕಾರ್ರ ಪುಸ್ತಕ ನೋಡಬಹುದಾ?” ಅಂದೆ.

ಹಮಾಲನೊಬ್ಬ ಗೋದಾಮಿಗೆ ಕರೆದುಕೊಂಡು ಹೋದ. ಅಕ್ಕಿ ಚೀಲಗಳು ಸೂರು ಮುಟ್ಟುವ ಹಾಗೆ ಒಟ್ಟಿದ್ದವು. ಪುಸ್ತಕ ಎಲ್ಲಿ ಅಂದರೆ ಆತ ಬಗ್ಗಿ ತೋರಿಸಿದ. ಎಲ್ಲಕ್ಕಿಂತ ಕೆಳಗೆ, ನೆಲದ ಮೇಲೆ, ಅಚ್ಚಿನ ಮನೆಯ ಕಟ್ಟು ಬಿಚ್ಚದ ಒಂಬತ್ತೂ ಕೃತಿಗಳು ಸಾಲಾಗಿ ಮಲಗಿದ್ದವು.

“ನೀ ಓದೀಯೇನಪ್ಪಾ?”

“ನಂಗ ಓದಾಕ ಬರಂಗಿಲ್ರಿ ಅಕ್ಕೋರ. ಆದ್ರ ಮೂರು ಮಳಿಗಾಲ ಆತು, ಒಂದ ಚೀಲಕ್ಕೂ ಥಂಡಿ ಹತ್ತಿಲ್ಲ. ಭಾಳ ಚೊಲೋ ಬರದಾರ ನಮ್ಮ ಸಾವಕಾರ್ರು.”

ಸಮಾಜ ಸೇವೆ

ಲಿಂಗಸುಗೂರಿನ ಅಭ್ಯರ್ಥಿ ಸಮಾಜ ಸೇವಕರು. ಅರ್ಜಿಯ ಪ್ರಕಾರ ಅವರು ಮಾಡಿದ ಸೇವೆಯೆಲ್ಲ ಫ್ಲೆಕ್ಸಿನ ಮೇಲೆ ಮಾತ್ರ.

ಅವರ ಮನೆಯೆದುರಿನ ಚಹಾ ಅಂಗಡಿಯಲ್ಲಿ ಕೂತೆ. ತಂಗಿಮಗಳನ್ನು ಅವರ ಮಗನಿಗೆ ಕೊಡಬೇಕಂತ ಇದ್ದೇವೆ, ಮನೆತನ ಹೇಗೆ ಅಂತ ಕೇಳಿದೆ. ಅಂಗಡಿಯಾತ ಒಂದೇ ಉಸಿರಿನಲ್ಲಿ, “ಬಂಗಾರದಂಥಾ ಮಂದಿ ರೀ,” ಅಂದ. ಪೇಪರು ಓದುತ್ತಿದ್ದ ಮುದುಕಪ್ಪ, “ದೇವರಂಥಾ ಮನುಷ್ಯಾ,” ಅಂದ. ಬಸ್ಸಿಗೆ ಕಾಯುತ್ತಿದ್ದವನೊಬ್ಬ ಯಾರ ವಿಷಯ ಅಂತ ಕೇಳದೆಯೇ, “ಖರೇ ಖರೇ,” ಅಂದ.

ಆಮೇಲೆ ಹೊಳೆಯಿತು, ತಪ್ಪು ನನ್ನದೇ. ಕೂಡುವ ಸಂಬಂಧಕ್ಕೆ ಕಲ್ಲು ಹಾಕಿದವರು ಅನ್ನಿಸಿಕೊಳ್ಳಲು ಇಲ್ಲಿ ಯಾರೂ ತಯಾರಿಲ್ಲ. ಮದುವೆಯ ಹೆಸರು ಹೇಳಿದರೆ ಕಳ್ಳನೂ ದೇವರಾಗುತ್ತಾನೆ.

ಅದಕ್ಕೆ ಪ್ರಶ್ನೆಯನ್ನು ತಿರುಗಿಸಿದೆ. “ಹಾಗಾದರೆ ನೀವೇ ನಿಮ್ಮ ಮಗಳನ್ನ ಆ ಮನೆಗೆ ಕೊಡ್ತಿದ್ದಿರಾ?”

ಮುದುಕಪ್ಪ ಪೇಪರನ್ನು ಮುಖಕ್ಕೆ ಹಿಡಿದ. ಬಸ್ಸಿನವನು ಬಾರದ ಬಸ್ಸನ್ನು ನೋಡಲು ರಸ್ತೆಗೆ ಇಳಿದ. ಅಂಗಡಿಯಾತ ನನ್ನ ಕಪ್ಪನ್ನು ಮೆಲ್ಲಗೆ ಮುಂದೆ ಸರಿಸಿದ.

“ಚಾ ಆರಾಕತ್ತೈತಿ, ಕುಡೀರಿ.”

ವರದಿಯಲ್ಲಿ ಆ ಒಂದೇ ಸಾಲು ಬರೆದೆ. ಕಚೇರಿಯವರಿಗೆ ಅರ್ಥವಾಯಿತು.

ಕಲೆ

ಇನ್ನು ಉಳಿದವರು ಮಸ್ಕಿ ತಾಲೂಕಿನ ಪಾಮನಕಲ್ಲೂರಿನ ಒಬ್ಬ ಅವ್ವ. ಮದುವೆ ಮನೆಗಳಲ್ಲಿ ಸೋಬಾನ ಹಾಡುವವರು. ಸಾವಿರಗಟ್ಟಲೆ ಪದ ಬಾಯಲ್ಲೇ ಇವೆ. ಮೂವರಲ್ಲಿ ಹೆಚ್ಚು ತಕರಾರು ಇದ್ದದ್ದು ಇವರ ಮೇಲೆಯೇ. “ಶುಭಕಾರ್ಯದಲ್ಲಿ ಗಲಾಟೆ ಮಾಡಿ ಹನ್ನೊಂದು ಮದುವೆ ಮುರಿದಿದ್ದಾಳೆ.” ಕೆಳಗೆ ಒಂದು ಪುಟ ತುಂಬ ಸಹಿ. ಏಕೆ ಮುರಿದರು ಅಂತ ಮಾತ್ರ ಯಾರೂ ಬರೆದಿರಲಿಲ್ಲ. ಇದು ನಿಜವಾದರೆ ಹೆಸರು ಹೊಡೆದುಹಾಕುವುದೇ ಎಂದು ಕಚೇರಿ ಮೊದಲೇ ತಿಳಿಸಿತ್ತು.

ಅವ್ವ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಅಂಗನವಾಡಿ ಟೀಚರ್.

“ತಂಗಿಮಗಳ ಮದುವೆ ಇದೆ ಅವ್ವಾ. ಹಾಡೋಕೆ ಬರ್ತೀರಾ?”

“ಬರ್ತೀನಿ ತಾಯಿ. ಹುಡುಗಿಗೆ ಎಷ್ಟು ವಯಸ್ಸು?”

ಮೂರು ದಿನದಿಂದ ಆ ಹುಡುಗಿಯನ್ನು ಊರೂರು ತಿರುಗಿಸುತ್ತಿದ್ದೆ, ವಯಸ್ಸು ಇಟ್ಟಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. “ಹದಿನೇಳು.”

ಮೊರದ ಸದ್ದು ನಿಂತಿತು. ಅವ್ವ ಎದ್ದು ಒಳಗಿನಿಂದ ಉದ್ದನೆಯ ನೋಟುಪುಸ್ತಕ ತಂದರು. ಟೀಚರ್ ಫೋನು ಕೈಗೆ ತಗೊಂಡರು.

“ಮಸ್ಕಿಯಿಂದ ಪೊಲೀಸ್ ಜೀಪ್ ಕರಸ್ಲೇನು, ಇಲ್ಲೇ ಮುಚ್ಚಳಿಕಿ ಬರಕೊಡ್ತೀರೇನು?” ಅವ್ವ ಕೇಳಿದರು. “ಹದಿನೆಂಟು ತುಂಬೂತನಕ ಲಗ್ನ ಮಾಡಂಗಿಲ್ಲ ಅಂತ.”

ಆಗ ಗೊತ್ತಾಯಿತು ಹನ್ನೊಂದು ಮದುವೆಗಳ ಕಥೆ. ಅವ್ವ ಹಾಡಲು ಬಾಯಿ ತೆರೆಯುವ ಮೊದಲು ಹುಡುಗಿಯ ಶಾಲೆಯ ಸರ್ಟಿಫಿಕೇಟು ಕೇಳುತ್ತಾರೆ. ವಯಸ್ಸು ಕಡಿಮೆಯಿದ್ದರೆ ಹಾಡೂ ಇಲ್ಲ, ಮದುವೆಯೂ ಇಲ್ಲ.

“ಅವ್ವಾ, ನನಗೆ ತಂಗಿಯೇ ಇಲ್ಲ,” ಅಂದೆ.

“ಸಿಕ್ಕಮ್ಯಾಲೆ ಎಲ್ಲಾರೂ ಹಂಗ ಅಂತಾರ,” ಅಂದರು ಟೀಚರ್. “ಹ್ವಾದ ವರ್ಷ ಒಬ್ಬಾಂವ ನನಗ ಮಗಳ ಇಲ್ಲ ಅಂದಿದ್ದ. ಹಂದರದಾಗ ಕುಂತಿದ್ಲು.”

ನಾನು ಯಾರು ಅಂತ ಹೇಳಿದರೆ ಗುಟ್ಟು ಹೋಗುತ್ತದೆ, ಹೇಳದಿದ್ದರೆ ಜೀಪು ಬರುತ್ತದೆ. ಸಹಿ ಹಾಕಿದೆ. “ಹದಿನೆಂಟು ತುಂಬಿದ ಮ್ಯಾಲೆ ಹುಡುಗಿನ್ನ ದಾಖಲಿ ಸಮೇತ ಕರ್ಕೊಂಡು ಬಂದು ತೋರಿಸಬೇಕು,” ಅಂತ ಅವ್ವ ಬರೆಸಿದರು. “ಅವತ್ತ ನಾ ಪುಕ್ಕಟೆ ಹಾಡ್ತೀನಿ. ಅಲ್ಲೀತನಕ ನೀವು ನಂಗ ಒಂದು ಹುಡುಗಿ ಬಾಕಿ.”

ಅಂದೇ ಮಸ್ಕಿಯ ಲಾಡ್ಜಿನಲ್ಲಿ ಕೂತು ವರದಿ ಬರೆದೆ. ‘ಆರೋಪ ನಿಜ. ಹನ್ನೊಂದಲ್ಲ, ಹನ್ನೆರಡು ಮದುವೆ ಮುರಿದಿದ್ದಾರೆ, ಎಲ್ಲವೂ ಹದಿನೆಂಟು ತುಂಬದ ಹುಡುಗಿಯರವು. ಹನ್ನೆರಡನೆಯದು ನಮ್ಮ ಮನೆಯದು. ಇವರನ್ನು ಬಿಟ್ಟರೆ ಕುರ್ಚಿಗೆ ನಷ್ಟ.’

ಬಾಕಿ

ಹೆಸರು ಉಳಿಯಿತು. ಅವ್ವ ಪರಿಷತ್ತಿನಲ್ಲಿ ಪ್ರಮಾಣವಚನ ತಗೊಂಡದ್ದನ್ನು ಟಿ.ವಿ.ಯಲ್ಲಿ ನೋಡಿ, ನೋಟುಪುಸ್ತಕವನ್ನು ಇನ್ನು ಯಾರು ತೆಗೆದು ನೋಡುತ್ತಾರೆ ಅಂದುಕೊಂಡೆ. ಮುಚ್ಚಳಿಕೆಗೆ ಸರಿಯಾಗಿ ವರ್ಷ ತುಂಬಿದ ದಿನ ಫೋನು ಬಂತು.

“ತಾಯೀ, ಮೇಲ್ಮನಿ ಸದಸ್ಯೆ ಮಾತಾಡಾಕತ್ತೀನಿ. ಹುಡುಗಿಗೆ ಹದಿನೆಂಟು ತುಂಬಿತು. ಆಯ್ತವಾರ ಊರಾಗ ಇರ್ತೀನಿ, ಕರ್ಕೊಂಡು ಬರ್ರಿ.”

ಭೂಮಿಯ ಯಾವ ಮೂಲೆಗಾದರೂ ಓಡಿಹೋಗುವ ಅಭ್ಯಾಸವಿದ್ದವಳು, ಆಯ್ತವಾರ ನೆಟ್ಟಗೆ ಪಾಮನಕಲ್ಲೂರಿಗೆ ಹೋದೆ. ಮಸ್ಕಿಯಲ್ಲಿ ದಾರಿ ಕೇಳಿದಾಗ “ಯಾರ ಮನಿಗೆ?” ಅಂದರು. ಮೊದಲ ಸಲ ಉತ್ತರ ಹೇಳಿದೆ, ಮೊದಲ ಸಲ ದಾರಿ ತಪ್ಪಲಿಲ್ಲ.

ಅದೇ ಕಟ್ಟೆ, ಅದೇ ಮೊರ, ಅದೇ ಟೀಚರ್. ಅವ್ವ ನನ್ನ ಹಿಂದೆ ಇಣುಕಿದರು. “ಹುಡುಗಿ ಎಲ್ಲಿ?”

ಚೀಲದಿಂದ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ಅವರ ಕೈಗಿಟ್ಟೆ. “ಆ ಹುಡುಗಿ ನಾನೇ ಅವ್ವಾ. ನಮ್ಮ ಮನೇಲಿ ಮದುವೆ ಆಗದೆ ಉಳಿದವಳು ಒಬ್ಬಳೇ. ಅವತ್ತು ನಿಮ್ಮನ್ನ ವಿಚಾರಿಸೋಕೆ ಬಂದು ಸುಳ್ಳು ಹೇಳಿದೆ.”

ಅವ್ವ ನಗಲಿಲ್ಲ. ಕನ್ನಡಕ ಹಾಕಿಕೊಂಡು ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟರು, ಎರಡು ಸಲ ಲೆಕ್ಕ ಹಾಕಿದರು, ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ಸೀಲು ನೋಡಿದರು.

“ಹದಿನೆಂಟು ತುಂಬೇತಿ,” ಅಂದರು. “ಮ್ಯಾಲೆ ಸ್ವಲ್ಪ ಆಗೇತಿ. ವರ ಯಾರು?”

“ಯಾರೂ ಇಲ್ಲ.”

“ಅದು ನನ್ನ ಪುಸ್ತಕದಾಗ ಬರಂಗಿಲ್ಲ ಬಿಡು. ಕುಂದ್ರು.”

ನನ್ನ ಸಹಿಯ ಮೇಲೆ ಅಡ್ಡ ಗೆರೆ ಎಳೆದು, ಕೆನ್ನೆಗೆ ಅರಿಷಿಣ ಹಚ್ಚಿ, ಆ ಮೇಲ್ಮನೆ ಸದಸ್ಯೆ ತೊಗರಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ಒಂದು ಪೂರಾ ಸೋಬಾನ ಹಾಡಿದರು. ಮುಗಿದ ಮೇಲೆ ಟೀಚರ್ ಕಣ್ಣೊರೆಸಿಕೊಳ್ಳುತ್ತ ನನ್ನ ಕೈ ಹಿಡಿದರು.

“ಹನ್ನೆರಡರಾಗ ಹೇಳಿದ ದಿನಕ್ಕ ದಾಖಲಿ ತಗೊಂಡು ಬಂದ ಹುಡುಗಿ ನೀವೊಬ್ರ ನೋಡ್ರಿ ಅಕ್ಕೋರ.”